ಮೂವತ್ತೆಂಟು ಮನೆಗಳ ಸೊನ್ನೆ

ನಲವತ್ತಮೂರು ವರ್ಷ ತುಂಬಿದರೂ ಯೋಗಾನಂದನಿಗೆ ಯಾವುದಕ್ಕೂ ಮೆಂಬರ್ ಆಗುವ ಭಾಗ್ಯ ಬಂದಿರಲಿಲ್ಲ. ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಹುದ್ದೆ. ಕೈಕೆಳಗೆ ಮೌಸ್ ಒಂದನ್ನು ಬಿಟ್ಟರೆ ಮಾತು ಕೇಳುವವರು ಯಾರೂ ಇಲ್ಲ. ಕನ್ನಡ ಸಂಘದ ಚುನಾವಣೆಗೆ ಮೂರು ಸಲ ನಿಂತು, ಮೂರು ಸಲವೂ ಊಟದ ಉಸ್ತುವಾರಿಗೆ ನೇಮಕವಾಗಿ, ಯುಗಾದಿಯ ಫೋಟೋಗಳಲ್ಲಿ ಹೋಳಿಗೆ ಡಬ್ಬಿಗಳ ಹಿಂದೆ ಅರ್ಧ ಕಿವಿಯಾಗಿ ಮಾತ್ರ ಉಳಿದುಕೊಂಡಿದ್ದ. ಮಂಡ್ಯದ ಕಡೆಯ ಮನುಷ್ಯ, ಅಭಿಮಾನ ಜಾಸ್ತಿ. ಇದನ್ನೆಲ್ಲ ನುಂಗಿಕೊಂಡು ಅಮೆರಿಕದ ಸನ್ನಿವೇಲ್‌ನಲ್ಲಿ ಬದುಕಿದ್ದ.

ಹೀಗಿರುವಾಗ ಅವನ ಮಗಳ ಶಾಲೆಯನ್ನೂ ಊರಿನ ಉಳಿದ ಸರ್ಕಾರಿ ಶಾಲೆಗಳನ್ನೂ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನಿಂದ ಒಂದು ಈಮೇಲು ಬಂತು. ಮನೆ ಬಾಡಿಗೆ ತಾಳಲಾರದೆ ಜನ ಊರು ಬಿಡುತ್ತಿದ್ದಾರೆ, ಇದ್ದವರು ಮಕ್ಕಳನ್ನು ಹೆರುತ್ತಿಲ್ಲ, ಐದು ವರ್ಷದಲ್ಲಿ ಶಾಲೆಗಳಲ್ಲಿ ಐದರಲ್ಲೊಂದು ಪಾಲು ಮಕ್ಕಳು ಕಡಿಮೆಯಾಗಿದ್ದಾರೆ, ಮುಂದೇನು ಎಂದು ಯೋಚಿಸಲು ಒಂದು ಸಲಹಾ ಸಮಿತಿ ಬೇಕು, ಆಸಕ್ತ ತಂದೆತಾಯಂದಿರು ಅರ್ಜಿ ಹಾಕಿ, ಎಂದು ಅದರಲ್ಲಿತ್ತು. ಒಂಬತ್ತು ಜಾಗಕ್ಕೆ ಏಳು ಅರ್ಜಿ ಬಂದವು. ಆ ಕಠಿಣ ಸ್ಪರ್ಧೆಯಲ್ಲಿ ಯೋಗಾನಂದ ಗೆದ್ದ.

ಗೆದ್ದವನು ಸುಮ್ಮನಿರಬೇಕಿತ್ತು. ಅವನಿದ್ದ ವಿಲೋ ಕೋರ್ಟ್ ಅಪಾರ್ಟ್‌ಮೆಂಟಿನಲ್ಲಿ ಒಟ್ಟು ಮೂವತ್ತೆಂಟು ಮನೆಗಳು, ಎಲ್ಲವೂ ಕನ್ನಡದವೇ, ಎಲ್ಲಕ್ಕೂ ಸೇರಿ ಒಂದು ವಾಟ್ಸಾಪ್ ಗ್ರೂಪು. ಅದರಲ್ಲಿ 'ಡಿಸ್ಟ್ರಿಕ್ಟ್ ಸಮಿತಿಗೆ ಆಯ್ಕೆಯಾಗಿರುತ್ತೇನೆ' ಎಂದು ಹಾಕಿದ. ಸಂಜೆಯ ಹೊತ್ತಿಗೆ ಅವನು ಸ್ಕೂಲ್ ಬೋರ್ಡ್ ಮೆಂಬರ್ ಆಗಿದ್ದ. ಶನಿವಾರ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಯಾರೋ "ಎಜುಕೇಶನ್ ಮಿನಿಸ್ಟ್ರು ಬಂದ್ರು, ಜಾಗ ಬಿಡ್ರಪ್ಪ" ಎಂದರು. ಯೋಗಾನಂದ ತಿದ್ದಲಿಲ್ಲ. ಸಮಿತಿಯವರು ಕೊಟ್ಟಿದ್ದ ಪ್ಲಾಸ್ಟಿಕ್ ಬ್ಯಾಡ್ಜು ಕೊರಳಲ್ಲಿ ನೇತಾಡುತ್ತಿತ್ತು, ಅದನ್ನು ಸರಿಯಾಗಿ ಕಾಣುವಂತೆ ತಿರುಗಿಸಿಕೊಂಡು ಪುಳಿಯೋಗರೆ ಹಾಕಿಸಿಕೊಂಡ.

ಅವನ ತಾಯಿ ಮರಿತಾಯಮ್ಮನಿಗೆ ಮಗ ಏನಾದನೆಂದು ಪೂರ್ತಿ ತಿಳಿಯಲಿಲ್ಲ. ಆದರೆ ಮೊಮ್ಮಗಳು ನಿಸರ್ಗಾ ಓದುವ ಶಾಲೆಗೆ ಸಂಬಂಧಪಟ್ಟದ್ದೆಂದು ತಿಳಿದು ಹಿಗ್ಗಿದಳು. ಹೆರಾನ್ ಲೇನ್ ಶಾಲೆಯ ಹಿಂದಿನ ಗೇಟು ವಿಲೋ ಕೋರ್ಟಿಗೇ ಅಂಟಿಕೊಂಡಿತ್ತು. ದಿನಾ ಮಧ್ಯಾಹ್ನ ಎರಡೂವರೆಗೆ ಶಾಲೆ ಬಿಡುವಾಗ ಅವಳು ಸೀರೆಯ ಮೇಲೆ ಸ್ವೆಟರ್ ಹಾಕಿ, ಬಿಳಿ ಶೂ ಮೆಟ್ಟಿ, ಅರ್ಧ ಗಂಟೆ ಮೊದಲೇ ಹೋಗಿ ಗೇಟಿನೆದುರಿನ ಬೆಂಚಿನಲ್ಲಿ ಕೂರುವಳು. ಅಲ್ಲಿಗೆ ಉಳಿದ ಮನೆಗಳ ಅಜ್ಜಿಯರೂ ಬರುವರು. ಕಾರಿಲ್ಲದೆ, ಇಂಗ್ಲಿಷಿಲ್ಲದೆ, ಯಾರ ದಾಕ್ಷಿಣ್ಯವೂ ಇಲ್ಲದೆ ಮರಿತಾಯಮ್ಮ ತಲುಪಬಹುದಾದ ಜಾಗ ಇಡೀ ಅಮೆರಿಕದಲ್ಲಿ ಅದೊಂದೇ. ಆ ಬೆಂಚು ಇಲ್ಲದಿದ್ದರೆ ಅವಳು ಯಾವತ್ತೋ ಟಿಕೆಟ್ ಮಾಡಿಸಿ ಕಳಿಸು ಎಂದು ಹಟ ಹಿಡಿಯುತ್ತಿದ್ದಳು.

ಸಮಿತಿಯ ಮೊದಲನೇ ಮೀಟಿಂಗಿನಲ್ಲೇ ಮಿಸೆಸ್ ಡೆಲ್ಗಾಡೊ ಎಂಬ ಪ್ಲಾನಿಂಗ್ ಆಫೀಸರು ವಿಷಯ ಬಿಚ್ಚಿಟ್ಟರು. ಮೂರು ಶಾಲೆಗಳಲ್ಲಿ ಒಂದನ್ನು ಮುಚ್ಚಲೇಬೇಕು. ಯಾವುದೆಂದು ತೀರ್ಮಾನವಾಗಿಲ್ಲ. ಯಾವ ಶಾಲೆಯ ಸುತ್ತ ಮುಂದೆ ಮಕ್ಕಳು ಬರುತ್ತಾರೋ ಅದು ಉಳಿಯುತ್ತದೆ. ಹೆರಾನ್ ಲೇನಿನ ಸುತ್ತ ಮನೆಗಳೆಂದರೆ ವಿಲೋ ಕೋರ್ಟ್ ಒಂದೇ, ಮಿಕ್ಕ ಮಕ್ಕಳು ದೂರದಿಂದ ಬರುವವರು. ಅದಕ್ಕಾಗಿ ಪ್ರತಿ ಮೆಂಬರು ತನ್ನ ಏರಿಯಾದ ಮನೆಮನೆಗೂ ಒಂದು ಫಾರಂ ಕೊಟ್ಟು ತುಂಬಿಸಿ ತರಬೇಕು. ಫಾರಮಿನಲ್ಲಿ ಎರಡೇ ಪ್ರಶ್ನೆ. ಇನ್ನೂ ಶಾಲೆಗೆ ಸೇರದ ಎಷ್ಟು ಮಕ್ಕಳಿದ್ದಾರೆ, ಮತ್ತು ಮುಂದೆ ಎಷ್ಟು ಮಕ್ಕಳನ್ನು ನಿರೀಕ್ಷಿಸುತ್ತಿದ್ದೀರಿ.

ಯೋಗಾನಂದನಿಗೆ ಒಳಗೊಳಗೇ ನಗು ಬಂತು. ವಿಲೋ ಕೋರ್ಟಿನಲ್ಲಿ ನಡೆದಾಡುವುದೇ ಕಷ್ಟ, ಕಾಲಿಟ್ಟಲ್ಲೆಲ್ಲ ಕೂಸುಗಳನ್ನು ತಳ್ಳಿಕೊಂಡು ಹೋಗುವ ಸ್ಟ್ರಾಲರು. ಕ್ಲಬ್‌ಹೌಸಿನಲ್ಲಿ ತಿಂಗಳಿಗೆರಡು ನಾಮಕರಣ. ಈ ಲೆಕ್ಕ ಹೋದರೆ ಹೆರಾನ್ ಲೇನನ್ನು ಮುಚ್ಚುವುದಿರಲಿ, ಮೇಲೊಂದು ಮಹಡಿ ಕಟ್ಟಬೇಕಾದೀತು ಎಂದುಕೊಂಡು ಕಟ್ಟು ಫಾರಂ ಮನೆಗೆ ತಂದ. ಆದರೆ ಮೆಂಬರ್ ಆದವನು ಬಾಗಿಲು ಬಾಗಿಲು ತಟ್ಟಿದರೆ ಘನತೆಗೆ ಕುಂದು. ತಾಯಿಯನ್ನು ಕರೆದ.

"ಅವ್ವ, ನಿಂಗೆ ಎಲ್ಲಾ ಮನೆಯೋರೂ ಗೊತ್ತು. ಬೆಂಚ್ ಹತ್ರ ಅಜ್ಜೀರಿಗೆ ಕೊಟ್ಟು ತುಂಬಿಸ್ಕೊಂಡು ಬಾ. ಸರ್ಕಾರದ ಕೆಲ್ಸ."

"ಏನ್ ಕೇಳವ್ರೆ ಇದ್ರಲ್ಲಿ?"

"ಚಿಕ್ಕ ಮಕ್ಳು ಎಷ್ಟವೆ, ಇನ್ನೆಷ್ಟು ಹುಟ್ತವೆ ಅಂತ."

ಮರಿತಾಯಮ್ಮ ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. ಮೆಂಬರ್ ಆದಮೇಲೆ ಬುದ್ಧಿ ಕೆಟ್ಟಿದೆ ಎಂದು ಅವಳಿಗೆ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಫಾರಮುಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ಹೋದಳು. ನಾಲ್ಕೇ ದಿನದಲ್ಲಿ ಮೂವತ್ತೇಳು ಮನೆಯ ಫಾರಮೂ ಸಹಿಯಾಗಿ ವಾಪಸು ಬಂತು. ಉಳಿದದ್ದು ಒಂದು, ಅವರದೇ ಮನೆಯದು.

ಅದನ್ನು ತುಂಬಲು ಯೋಗಾನಂದ ಊಟದ ಟೇಬಲ್ಲಿಗೆ ಕೂತ. ಹೆಂಡತಿ ಅಕ್ಷಯಾಗೆ ಆಗ ಮೂರು ತಿಂಗಳು. ಎರಡನೇ ಪ್ರಶ್ನೆಯೆದುರು ಅವನು 'ಒಂದು' ಎಂದು ಬರೆಯಲು ಪೆನ್ನೂರಿದಾಗ ಹಿಂದಿನಿಂದ ತಾಯಿಯ ಕೈ ಬಂದು ಪೆನ್ನನ್ನು ಹಿಡಿಯಿತು.

"ಹೊಟ್ಟೇಲಿರೋ ಕೂಸ್ನ ಬರ್ದು ಸರ್ಕಾರಕ್ಕೆ ಕೊಟ್ಟಾರೇನ್ಲಾ? ಸೊನ್ನೆ ಸುತ್ತು."

"ಅವ್ವ, ಇದು ಬರೀ ಲೆಕ್ಕ."

"ಅದ್ಕೇ ಯೋಳದು. ಐಕ್ಳ ತಲೆ ಎಣಿಸ್ಬಾರ್ದು. ಹೋದ್ಸಲ ಏನಾಯ್ತು, ಮರೆತ್ಯಾ?"

ಯೋಗಾನಂದ ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಷಯಾಗೆ ಏಳನೇ ವಾರಕ್ಕೇ ಅವನು ಖುಷಿ ತಡೆಯಲಾರದೆ ವಾಟ್ಸಾಪಿನಲ್ಲಿ ಬಲೂನಿನ ಚಿತ್ರ ಹಾಕಿ ಸುದ್ದಿ ಕೊಟ್ಟಿದ್ದ. ಒಂದೇ ದಿನದಲ್ಲಿ ನೂರಾರು ಅಭಿನಂದನೆ. ಹತ್ತನೇ ವಾರಕ್ಕೆ ಕೂಸು ಹೋಯಿತು. ಆಮೇಲೆ ಆ ನೂರಾರು ಜನಕ್ಕೂ ಬೇರೆ ಬೇರೆಯಾಗಿ ಇಲ್ಲ ಎಂದು ಹೇಳಬೇಕಾಯಿತು. ಗ್ರೋಸರಿ ಅಂಗಡಿಯಲ್ಲಿ ಯಾರಾದರೂ ಎದುರಾದರೆ ಅಕ್ಷಯಾ ಗಾಡಿ ಬಿಟ್ಟು ಹೊರಗೆ ಹೋಗಿಬಿಡುತ್ತಿದ್ದಳು. ಈಗ ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

ಸೊನ್ನೆ ಸುತ್ತಿದ. ನೂರಾರು ಮಕ್ಕಳಲ್ಲಿ ಒಂದು ಹೆಚ್ಚುಕಡಿಮೆಯಾದರೆ ಸ್ಟಾಟಿಸ್ಟಿಕ್ಸಿಗೆ ಏನೂ ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ಓದಿದವರಿಗೆ ಇಂಥ ಸಮಾಧಾನಗಳು ಬೇಗ ಸಿಗುತ್ತವೆ. ಮಿಕ್ಕ ಮೂವತ್ತೇಳು ಫಾರಮುಗಳನ್ನು ತೆಗೆದು ನೋಡುವಷ್ಟು ವ್ಯವಧಾನ ಮಾತ್ರ ಸಿಗಲಿಲ್ಲ. ನೂರಕ್ಕೆ ನೂರು ಮನೆಯ ಫಾರಂ ಬಂದ ಸಂಭ್ರಮದಲ್ಲಿ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ, ಎಲ್ಲವೂ ಸರಿಯಾಗಿದೆ ಎಂಬ ಕಾಗದಕ್ಕೆ ದೊಡ್ಡದಾಗಿ ಸಹಿ ಹಾಕಿ ಡೆಲ್ಗಾಡೊ ಅವರ ಕೈಗಿತ್ತ.

ಡಿಸೆಂಬರಿನ ಮೀಟಿಂಗಿನಲ್ಲಿ ಡೆಲ್ಗಾಡೊ ಎಲ್ಲರೆದುರು ಅವನನ್ನು ಎಬ್ಬಿಸಿ ನಿಲ್ಲಿಸಿದರು. ಉಳಿದ ಏರಿಯಾಗಳಲ್ಲಿ ಹತ್ತರಲ್ಲಿ ಮೂರು ಮನೆಯವರು ಉತ್ತರಿಸಿದರೆ ಹೆಚ್ಚು, ಆದರೆ ಮಿಸ್ಟರ್ ಯೋಗಾನಂದ ಒಂದು ಮನೆಯನ್ನೂ ಬಿಟ್ಟಿಲ್ಲ, ತಮ್ಮ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ನಂಬಲರ್ಹವಾದ ಮಾಹಿತಿ ನೋಡಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಅವನ ಹೆಸರಿದ್ದ ಸ್ಲೈಡು ಬಂತು. ಮೂರು ಶಾಲೆಗೆ ಮೂರು ಕಂಬ ಇರಬೇಕಾದಲ್ಲಿ ಎರಡೇ ಕಂಬ ಇದ್ದವು. ಹೆರಾನ್ ಲೇನ್ ಎಂದು ಬರೆದ ಕಡೆ ಈಗಿನ ಮಕ್ಕಳ ಸಂಖ್ಯೆ ಸಣ್ಣ ಅಕ್ಷರದಲ್ಲಿತ್ತು, ಮುಂದೆ ಬರುವ ಮಕ್ಕಳ ಕಂಬದ ಜಾಗದಲ್ಲಿ ನೆಲ ಮಾತ್ರ ಕಾಣುತ್ತಿತ್ತು. ಆದ್ದರಿಂದ ಹೆರಾನ್ ಲೇನ್ ಶಾಲೆಯನ್ನು ಬರುವ ಜೂನಿನಲ್ಲಿ ಮುಚ್ಚಲು ಶಿಫಾರಸು ಮಾಡಲಾಗಿದೆ ಎಂದು ಡೆಲ್ಗಾಡೊ ಓದಿದರು. ಯೋಗಾನಂದ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದ. ಪಕ್ಕದವರು ಕೈ ಹಿಡಿದು ನಿಲ್ಲಿಸಬೇಕಾಯಿತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಗ್ರೂಪಿಗೆ ಬಿದ್ದಿತ್ತು. ಬೆಳಿಗ್ಗೆ 'ನಮ್ಮ ಹೆಮ್ಮೆ' ಎಂದಿದ್ದವರೇ ಸಂಜೆ 'ಡಿಸ್ಟ್ರಿಕ್ಟಿನ ಏಜೆಂಟ್' ಎಂದರು. ಮೇಲಿನ ಮಹಡಿಯ ಹುಬ್ಬಳ್ಳಿಯ ಕೇದಾರ ಮೆಟ್ಟಿಲಿಳಿದು ಬಂದೇಬಿಟ್ಟ.

"ಏನ್ರೀಪಾ ಯೋಗಾನಂದ, ನಮ್ಮ ಸಾಲಿಗೆ ನಮ್ಮ ಮಂದಿ ಕಡಿಂದನ ಬೀಗಾ ಹಾಕಿಸಿದ್ರೆಲ್ಲಾ. ಬ್ಯಾಡ್ಜ್ ಹಾಕ್ಕೊಂಡು ಏನ್ ಮಾಡಿದ್ರಿ ಅಲ್ಲೆ?"

"ನಿಮ್ಮ ಫಾರಂನಲ್ಲಿ ಎಷ್ಟು ಬರೆದಿದ್ರಿ, ಕೇದಾರ್?"

"ನಮ್ಮದು ಬ್ಯಾರೇ ಬಿಡ್ರಿ. ನಮ್ಮ ಅವ್ವ ಬರಸಿದ್ಲು. ಒಂದ ಮನಿದು, ಅದರಿಂದ ಏನ್ ಆಕ್ಕೈತಿ?"

ಯೋಗಾನಂದ ನೇರ ಒಳಗೆ ಹೋದ. ತಾಯಿಯನ್ನು ಕೇಳಿದ. ಅವಳು ನಿರಾಳವಾಗಿ ಕಡಲೆಕಾಯಿ ಬಿಡಿಸುತ್ತ, "ಎಲ್ಲಾ ಅಜ್ಜೀರ್ಗೂ ಒಂದೇ ಯೋಳ್ದೆ, ನಿಮ್ಮಿಷ್ಟ, ನಾನಂತೂ ಎಣಿಸಕಿಲ್ಲ ಅಂತ. ಅವರೇನ್ ದಡ್ಡೀರಾ? ಎಲ್ರೂ ಸೊನ್ನೆ ಸುತ್ತುದ್ರು" ಎಂದಳು. ಮೂವತ್ತೆಂಟು ಮನೆ. ಅಂಗಳದ ತುಂಬ ಸ್ಟ್ರಾಲರು. ಸರ್ಕಾರದ ಕಾಗದದಲ್ಲಿ ಅಷ್ಟೂ ಮನೆ ಬಂಜೆ.

ಮರುದಿನದಿಂದ ಯೋಗಾನಂದ ಘನತೆಯನ್ನು ಮನೆಯಲ್ಲೇ ಬಿಟ್ಟು ಹೊಸ ಫಾರಂ ಹಿಡಿದು ಬಾಗಿಲು ತಟ್ಟಿದ. ಮೊದಲು ಕೇದಾರನ ಮನೆ. ಬಾಗಿಲು ತೆಗೆದವರು ಕೇದಾರನ ತಾಯಿ ಶರಣವ್ವ. ಒಳಗೆ ಸೋಫಾದ ಮೇಲೆ ಕೇದಾರನ ಹೆಂಡತಿ ದೀಪಾಲಿ ಕಂಬಳಿ ಹೊದ್ದು, ಕಂಬಳಿಯ ಮೇಲೊಂದು ದಿಂಬಿಟ್ಟು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಲ್ಯಾಪ್‌ಟಾಪು ಅವಳ ಗಲ್ಲಕ್ಕೆ ತಾಗುತ್ತಿತ್ತು. ಮೂಲೆಯಲ್ಲಿ ಬೆಡ್‌ಶೀಟು ಮುಚ್ಚಿದ ಉದ್ದನೆಯ ಪೆಟ್ಟಿಗೆ.

"ಅದೇನು ಪೆಟ್ಟಿಗೆ, ಅಮ್ಮ?"

"ಟಿವಿ," ಎಂದರು ಶರಣವ್ವ.

ಬೆಡ್‌ಶೀಟಿನ ಅಂಚಿನಿಂದ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ತೊಟ್ಟಿಲ ಚಿತ್ರವೂ, ಅದರೊಳಗೆ ನಗುತ್ತಿದ್ದ ಕೂಸೂ ಕಾಣುತ್ತಿದ್ದವು. ಯೋಗಾನಂದ ಕೈಮುಗಿದ. "ಅಮ್ಮ, ಒಂದೇ ಒಂದು ಅಂತ ಬರೀರಿ. ಇಲ್ಲಾಂದ್ರೆ ಸ್ಕೂಲ್ ಹೋಗುತ್ತೆ, ನಿಮ್ಮ ಬೆಂಚೂ ಹೋಗುತ್ತೆ."

"ಹೌದಪಾ, ಸಾಲಿ ಉಳೀಬೇಕು. ನೀ ಮಂದಿ ಮನೀಗೆಲ್ಲ ಹೋಗಿ ಬರಿಸ್ಕೊಂಡು ಬಾ. ನಮ್ಮದಷ್ಟ ಬ್ಯಾಡ. ದಿನಾ ತುಂಬೂತನಾ ನಾವು ಹೇಳಾಂಗಿಲ್ಲ."

ಮೂವತ್ತೇಳು ಮನೆಯಲ್ಲೂ ಶಾಲೆ ಉಳಿಯಲೇಬೇಕು ಎಂದರು, ಕಾಫಿ ಕೊಟ್ಟರು, ಉಳಿದವರ ಮನೆಗೆ ಹೋಗಿ ಬರೆಸಿಕೊಳ್ಳಲು ಹೇಳಿದರು. ಒಂದು ಮನೆಯಲ್ಲಿ ಅವಳಿ ಮಕ್ಕಳು ಅವನ ಎರಡು ಕಾಲನ್ನೂ ಹಿಡಿದುಕೊಂಡು ನಿಂತಿರುವಾಗಲೇ ಅಜ್ಜಿ, "ನಮ್ಮನೇಲಿ ಮಕ್ಳೆಲ್ಲಿ ಬಂತು ಸಾರ್, ಸುಮ್ನಿರಿ" ಎಂದರು. ಎಂಟು ದಿನ ಅಲೆದು ಅವನು ಗಳಿಸಿದ್ದು ಕಾಫಿಯ ಎದೆಯುರಿ ಮತ್ತು ಮೂವತ್ತೇಳು ಖಾಲಿ ಫಾರಂ. ಇವರಿಗೆಲ್ಲ ಶಾಲೆ ಬೇಕು, ಆದರೆ ಮಕ್ಕಳನ್ನು ಪಕ್ಕದ ಮನೆಯವರು ಕೊಡಬೇಕು. ಅವನ ಮನೆಯೂ ಅದೇ ಸಾಲಿನಲ್ಲಿತ್ತು, ಅದನ್ನು ಮಾತ್ರ ಅವನು ನೆನೆಯುತ್ತಿರಲಿಲ್ಲ.

ಏಳು ವರ್ಷದ ನಿಸರ್ಗಾ ಒಂದು ದಿನ ಹೋಂವರ್ಕ್ ಬಿಟ್ಟು ಬಂದು ಅವನೆದುರು ನಿಂತಳು. ಕಿಂಡರ್‌ಗಾರ್ಟನ್‌ನಲ್ಲಿ ಇಡೀ ವರ್ಷ ಬಾಯಿಯೇ ತೆರೆಯದಿದ್ದ ಹುಡುಗಿ ಅದು. ಆ ಶಾಲೆಯ ಟೀಚರುಗಳು ಪಕ್ಕದಲ್ಲಿ ಕೂತು ಕೂತು ಮಾತು ಬರಿಸಿದ್ದರು.

"ಅಪ್ಪಾ, ಡಿಡ್ ಯು ಕೌಂಟ್ ಮಿ?"

"ನಿನ್ನನ್ನ ಸ್ಕೂಲಿನವರೇ ಎಣಿಸ್ತಾರೆ ಪುಟ್ಟಿ."

"ದೆನ್ ವೈ ಆರ್ ದೇ ಕ್ಲೋಸಿಂಗ್ ಇಟ್?"

ಮೆಂಬರು ಅವಳ ಹೋಂವರ್ಕ್ ಪುಸ್ತಕ ತೆರೆದುಕೊಟ್ಟ.

ಫೆಬ್ರವರಿಯಲ್ಲಿ ಬೋರ್ಡಿನವರು ಮತ ಹಾಕುವ ಸಭೆ. ಸಂಜೆ ಆರಕ್ಕೇ ಸಭಾಂಗಣ ತುಂಬಿತ್ತು. ವಿಲೋ ಕೋರ್ಟಿನ ಅಜ್ಜಿಯರೆಲ್ಲ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತರು. ಅವರ ಹಿಂದೆ ಸೊಸೆಯರು ಮತ್ತು ಹೆಣ್ಣುಮಕ್ಕಳು, ಹೀಟರ್ ಉರಿಯುತ್ತಿದ್ದರೂ ದಪ್ಪ ಜಾಕೆಟ್ಟಿನ ಜಿಪ್ಪು ಎಳೆದುಕೊಂಡು. ಮಾತಾಡಲು ತಲೆಗೊಂದು ನಿಮಿಷ. ಮೈಕಿನ ಮುಂದೆ ಹಸಿರು, ಹಳದಿ, ಕೆಂಪು ದೀಪ. ಯೋಗಾನಂದ ಎದ್ದು ಹೋದ. ಎಲ್ಲರೂ ತಟ್ಟಿದ ಚಪ್ಪಾಳೆಯಲ್ಲೇ ಹತ್ತು ಸೆಕೆಂಡು ಕಳೆಯಿತು.

"ಸರ್ವೆ ತಪ್ಪಾಗಿದೆ," ಎಂದ. "ನಮ್ಮಲ್ಲಿ ತುಂಬಾ ಮಕ್ಕಳಿದ್ದಾರೆ. ಇನ್ನೂ ಬರುತ್ತಿದ್ದಾರೆ."

ಬೋರ್ಡಿನ ಅಧ್ಯಕ್ಷೆ ಒಳ್ಳೆಯವರೇ. ಕನ್ನಡಕ ಏರಿಸಿಕೊಂಡು ಕಾಗದ ತಿರುವಿದರು. "ಮಿಸ್ಟರ್ ಯೋಗಾನಂದ, ಈ ಮಾಹಿತಿ ತಂದವರು ನೀವು. ಸರಿಯಾಗಿದೆಯೆಂದು ಸಹಿ ಹಾಕಿದವರೂ ನೀವು. ಯಾವ ಫಾರಂ ತಪ್ಪಾಗಿದೆ, ಹೇಳಿ. ಒಂದಾದರೂ ತಪ್ಪೆಂದು ಗೊತ್ತಾದರೆ ಎಲ್ಲವನ್ನೂ ಮತ್ತೆ ಎಣಿಸಲು ಹೇಳುತ್ತೇನೆ. ಮತದಾನವನ್ನು ಮುಂದಿನ ವರ್ಷಕ್ಕೆ ಮುಂದೂಡೋಣ."

ಒಂದು ಸಾಕು. ಯೋಗಾನಂದ ತಿರುಗಿ ನೋಡಿದ. ಮುಂದಿನ ಸಾಲಿನ ಅಜ್ಜಿಯರೆಲ್ಲ ಅವನನ್ನೇ ನೋಡುತ್ತಿದ್ದರು. ಶರಣವ್ವನ ಕಣ್ಣು ನಮ್ಮದಷ್ಟ ಬ್ಯಾಡ ಎನ್ನುತ್ತಿತ್ತು. ದೀಪಾಲಿ ಜಾಕೆಟ್ಟಿನ ಮೇಲೆ ಹ್ಯಾಂಡ್‌ಬ್ಯಾಗು ಇಟ್ಟುಕೊಂಡಳು.

"ಹಾಗಾದರೆ ನಿಮ್ಮದೇ ಮನೆ," ಎಂದರು ಅಧ್ಯಕ್ಷೆ. "ಅಪಾರ್ಟ್‌ಮೆಂಟ್ ನಂಬರ್ ನೂರ ಹದಿನಾರು. ನಿರೀಕ್ಷೆ ಸೊನ್ನೆ ಎಂದಿದೆ. ಇದು ಸರಿಯೇ?"

ಹಳದಿ ದೀಪ ಬಂತು. ಮರಿತಾಯಮ್ಮನಿಗೆ ಇಂಗ್ಲಿಷು ತಿಳಿಯದಿದ್ದರೂ ಮಗನನ್ನು ಏನು ಕೇಳುತ್ತಿದ್ದಾರೆಂದು ತಿಳಿದುಹೋಗಿತ್ತು. ಅವಳು ಮೆಲ್ಲಗೆ ತಲೆಯಾಡಿಸಿದಳು, ಬೇಡ ಎಂದು. ಯೋಗಾನಂದನಿಗೆ ಅದನ್ನು ಮೀರುವ ಧೈರ್ಯವಿತ್ತು. ಆದರೆ ಹಿಂದಿನ ಸಾಲಿನಲ್ಲಿ ಅಕ್ಷಯಾ ತಲೆ ತಗ್ಗಿಸಿ, ಎರಡು ಕೈಯನ್ನೂ ಜಾಕೆಟ್ಟಿನೊಳಗೆ ಹಾಕಿಕೊಂಡು, ತುಟಿ ಕಚ್ಚಿ ಕೂತಿದ್ದಳು. ಅವಳು ಬೇಡ ಎನ್ನಲೂ ಇಲ್ಲ, ಹೇಳು ಎನ್ನಲೂ ಇಲ್ಲ. ಹೆದರಿಕೊಂಡಿದ್ದಳು, ಅಷ್ಟೇ. ಅವನಿಗೆ ಬಲೂನಿನ ಚಿತ್ರ ನೆನಪಾಯಿತು.

"ಸರಿಯಾಗಿದೆ," ಎಂದ ಯೋಗಾನಂದ. "ಸೊನ್ನೆ."

ಕೆಂಪು ದೀಪ ಹತ್ತಿತು. ಒಂದು ಮತದ ವಿರುದ್ಧ ನಾಲ್ಕು ಮತಗಳಿಂದ ಹೆರಾನ್ ಲೇನ್ ಮುಚ್ಚುವುದೆಂದು ತೀರ್ಮಾನವಾಯಿತು. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮೂವತ್ತೇಳು ಮನೆಯವರು ಸೇರಿ ಅವನಿಗೆ ಉಗಿದರು. ಒಂದು ನಿಮಿಷ ಧೈರ್ಯವಾಗಿ ಮಾತಾಡಲಾರದವನು ಯಾಕೆ ಮೆಂಬರ್ ಆಗಬೇಕಿತ್ತು ಎಂದು ಕೇದಾರ ಎಲ್ಲರ ಪರವಾಗಿ ಕೇಳಿದ.

ಏಪ್ರಿಲಿನಲ್ಲಿ ಅಕ್ಷಯಾ ಗಂಡು ಮಗು ಹೆತ್ತಳು, ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಅದರ ಹಿಂದೆಯೇ ಕೇದಾರನ ಮನೆಯ ಟಿವಿ ಪೆಟ್ಟಿಗೆ ಒಡೆದು ತೊಟ್ಟಿಲು ಹೊರಬಂತು. ಬೇಸಿಗೆ ಮುಗಿಯುವುದರೊಳಗೆ ವಿಲೋ ಕೋರ್ಟಿನಲ್ಲಿ ಹದಿಮೂರು ಬಾಣಂತನ. ಪ್ರತಿ ನಾಮಕರಣದಲ್ಲೂ ಎಲೆ ಮುಂದೆ ಕೂತವರು, "ಇಷ್ಟು ಮಕ್ಕಳಿರೋ ಕಡೆ ಸ್ಕೂಲ್ ಮುಚ್ಚಿಸಿದ ಮಹಾನುಭಾವ ಇವರೇ" ಎಂದು ನೆಂಟರಿಗೆ ಯೋಗಾನಂದನನ್ನು ತೋರಿಸುತ್ತಿದ್ದರು. ಅವನು ಪಾಯಸ ಬಡಿಸುತ್ತಿದ್ದ. ಜುಲೈಯಲ್ಲಿ ಡಿಸ್ಟ್ರಿಕ್ಟಿನವರು ಅಂಚೆಯಲ್ಲಿ ಒಂದು ಪ್ರಶಸ್ತಿಪತ್ರ ಕಳಿಸಿದರು. ನೂರಕ್ಕೆ ನೂರು ಮಾಹಿತಿ ಸಂಗ್ರಹಿಸಿದ್ದಕ್ಕೆ ಕೃತಜ್ಞತೆ, ಕೆಳಗೆ ಡೆಲ್ಗಾಡೊ ಅವರ ಸಹಿ. ಅದನ್ನು ಅವನು ಶೂ ಸ್ಟ್ಯಾಂಡಿನ ಹಿಂದೆ ತೂರಿಸಿಟ್ಟ.

ಆಗಸ್ಟಿನಿಂದ ನಿಸರ್ಗಾ ಫ್ರೀವೇ ಆಚೆಯ ಶಾಲೆಗೆ ಕಾರಿನಲ್ಲಿ ಹೋಗತೊಡಗಿದಳು. ಹೊಸ ಟೀಚರು ಮೂರನೇ ವಾರ ಫೋನ್ ಮಾಡಿ, ಮಗು ಕ್ಲಾಸಿನಲ್ಲಿ ಮಾತಾಡುವುದಿಲ್ಲ, ಮನೆಯಲ್ಲಿ ಮಾತಾಡುತ್ತಾಳೆಯೇ ಎಂದು ವಿಚಾರಿಸಿದರು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಮನೆಯಿಂದ ಕೆಲಸ ಮಾಡುತ್ತಿದ್ದ ಯೋಗಾನಂದ ಒಂದು ಕಾಲ್ ಮುಗಿಸಿ ನೋಡಿದರೆ ತಾಯಿಯೂ ಇಲ್ಲ, ಮಗುವೂ ಇಲ್ಲ, ಸ್ಟ್ರಾಲರೂ ಇಲ್ಲ. ಗಡಿಯಾರ ನೋಡಿದ. ಎರಡೂವರೆ. ಅವನಿಗೆ ಗೊತ್ತಾಯಿತು.

ಶಾಲೆಯ ಸುತ್ತ ತಂತಿಬೇಲಿ ಬಂದಿತ್ತು. ಎದುರಿನ ಬೆಂಚಿನಲ್ಲಿ ಮರಿತಾಯಮ್ಮ ಸ್ವೆಟರು, ಬಿಳಿ ಶೂ ಹಾಕಿಕೊಂಡು ಒಬ್ಬಳೇ ಕೂತಿದ್ದಳು. ಮಗು ಸ್ಟ್ರಾಲರಿನಲ್ಲಿ ನಿದ್ದೆ ಹೋಗಿತ್ತು. ಯೋಗಾನಂದ ಪಕ್ಕದಲ್ಲಿ ಕೂತ. ಇಬ್ಬರ ಕಣ್ಣೂ ಗೇಟಿನ ಮೇಲಿತ್ತು.

"ಇನ್ನೂರ ಎಂಬತ್ತಮೂರು," ಎಂದಳು ಅವಳು.

"ಏನವ್ವ?"

"ಐಕ್ಳು. ದಿನಾ ಬೇಗ ಬಂದ್ ಕೂತ್ಕತಿದ್ನಲ್ಲ, ಹೊತ್ತು ಹೋಗ್ತಿರ್ನಿಲ್ಲ. ಗೇಟಿಂದ ಬರೋವಾಗ ಒಂದೊಂದೇ ಎಣಿಸ್ತಿದ್ದೆ ಕನ್ಲಾ. ಒಂದಿನ ಇನ್ನೂರ ಎಪ್ಪತ್ತು, ಒಂದಿನ ಇನ್ನೂರ ಎಂಬತ್ತು. ಎಲ್ಲಾ ಬಂದಿದ್ ದಿನ ಇನ್ನೂರ ಎಂಬತ್ತಮೂರು."

ಡಿಸ್ಟ್ರಿಕ್ಟಿನ ಸ್ಲೈಡಿನಲ್ಲಿ ಹೆರಾನ್ ಲೇನಿನ ಈಗಿನ ಮಕ್ಕಳು ಎಂದು ಹಾಕಿದ್ದ ಸಂಖ್ಯೆ ಅದೇ. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ.

ಮರಿತಾಯಮ್ಮನ ಕಣ್ಣಲ್ಲಿ ನೀರು ತುಂಬಿತು. "ಎಣಿಸ್ಬಾರ್ದು ಅಂತ ಊರ್ಗೆಲ್ಲಾ ಯೋಳ್ದೋಳು ನಾನು. ನನ್ ಕಣ್ಣೇ ತಾಕ್ತು ಇದ್ಕೆ. ಮಗೀನ್ ಬಾಯಿ ಕಟ್ಟೋಯ್ತು. ನನ್ನಿಂದ್ಲೇ ಆಗಿದ್ದು."

ಯೋಗಾನಂದ ಬಾಯಿ ತೆರೆದ. ನಿನ್ನ ಕಣ್ಣಿನಿಂದಲ್ಲ, ನಾವು ಸುತ್ತಿದ ಸೊನ್ನೆಯಿಂದ ಎಂದು ಹೇಳಬೇಕೆಂದುಕೊಂಡ. ಹೇಳಿದರೆ ಇವಳ ದುಃಖ ಕಡಿಮೆಯಾಗುತ್ತದೆಯೇ ಎಂದು ಯೋಚಿಸಿ ಬಾಯಿ ಮುಚ್ಚಿದ.

ಅವಳು ಸೆರಗಿನ ಗಂಟು ಬಿಚ್ಚಿ ಹಿಡಿ ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ ತೆಗೆದಳು. ಬೇಲಿಯ ಹತ್ತಿರ ಹೋಗಿ ಖಾಲಿ ಶಾಲೆಗೆ ಮೂರು ಸಲ ನಿವಾಳಿಸಿದಳು. "ಬೆಂಕಿಪೊಟ್ಣ ಕೊಡ್ಲಾ."

"ಬೇಡ ಕಣವ್ವ, ಹುಲ್ಲೆಲ್ಲಾ ಒಣಗೈತೆ. ಇಲ್ಲಿ ಬೆಂಕಿ ಹಚ್ಚಿದ್ರೆ ಹಿಡ್ಕೊಂಡ್ ಹೋಗ್ತಾರೆ. ಮನೇಲಿ ಸ್ಟವ್ ಮೇಲೆ ಹಾಕೋಣ."

ಅವಳು ಉಪ್ಪು ಮೆಣಸಿನಕಾಯಿಯನ್ನು ಮತ್ತೆ ಗಂಟು ಹಾಕಿಕೊಂಡು, ಬೇಲಿಗೆ ಕಟ್ಟಿದ್ದ ದೊಡ್ಡ ಬೋರ್ಡನ್ನು ನೋಡಿದಳು. ಅದರಲ್ಲಿ ನಗುವ ಅಪ್ಪ, ಅಮ್ಮ, ಎರಡು ಮಕ್ಕಳ ಚಿತ್ರವಿತ್ತು. ಇದೇ ಜಾಗದಲ್ಲಿ ಅರವತ್ತು ಹೊಸ ಮನೆಗಳು, ಬೆಳೆಯುವ ಕುಟುಂಬಗಳಿಗಾಗಿ, ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಏನ್ ಬರ್ದವ್ರೆ ಅಲ್ಲಿ?"

"ರಜ ಅಂತ ಬರ್ದವ್ರೆ ಕಣವ್ವ," ಎಂದ ಯೋಗಾನಂದ, ಸ್ಟ್ರಾಲರಿನ ಬ್ರೇಕು ತೆಗೆಯುತ್ತ.

"ಸದ್ಯ," ಎಂದಳು ಮರಿತಾಯಮ್ಮ. "ರಜ ಮುಗುದ್ಮೇಲೆ ಬರೋವ ಬುಡು. ಆಗ ಎಣಿಸಕಿಲ್ಲ."